ಬ್ಯಾಡ

ಭಾನುವಾರ, ೧೬ ನವೆಂಬರ್ ೨೦೦೩, ಹಡರ್ಸ್‌ಫೀಲ್ಡ್

ಇವತ್ತೂ ಸೋತೆವು. ಮನಸ್ಸನ್ನು ಕೊರೆಯುತ್ತಿರುವುದು ಅದಲ್ಲ, ತನ್ಮಯನ ಮುಖ.

ಇಲ್ಲಿನ ಭಾರತೀಯ ಸಂಘಗಳ ಫುಟ್ಬಾಲ್ ಲೀಗಿನಲ್ಲಿ ಹೋದ ವರ್ಷ ಕೊನೆಯ ಸ್ಥಾನದಲ್ಲಿ ಉಳಿದದ್ದು ನಮ್ಮ ಕನ್ನಡ ಬಳಗ. ಹಾಗಾಗಿ ಈ ಸಲ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟಿನಲ್ಲಿ ಮೊದಲ ಸರದಿ ನಮ್ಮದೇ. ಮೊಣಕಾಲು ಹಿಡಿದುಕೊಂಡು ಓಡುವ ನನ್ನಂಥ ಡಾಕ್ಟರುಗಳು ಬೆಂಚಿನಲ್ಲಿ ಕೂರೋಣ, ಹದಿನೇಳರ ಈ ತನ್ಮಯನನ್ನು ನಂಬಿ ತಂಡ ಕಟ್ಟೋಣ ಎಂದು ಹಟ ಹಿಡಿದವನು ನಾನೇ.

ಮೊದಮೊದಲು ಗಾಳಿಯಂತೆ ಓಡಿದ. ಈಗ ಚೆಂಡು ಕಾಲಿಗೆ ಬಂದರೆ ಸಾಕು, ಹೆದರುತ್ತಾನೆ. ಇವತ್ತು ಆಟ ಮುಗಿದ ಮೇಲೆ ಜೆರ್ಸಿ ಮಡಚಿ ನನ್ನ ಕೈಗಿಟ್ಟ.

"ಸಾರಿ ಅಂಕಲ್. ಐ ನೋ ಐಯಾಮ್ ಬ್ಯಾಡ್. ಯು ಕೀಪ್ ಶೌಟಿಂಗ್ ಇಟ್."

ನಾನೆಲ್ಲಿ ಹಾಗಂದೆ? ಕಾರಿನ ಬಾಗಿಲು ತೆಗೆಯುವಾಗ ಹೊಳೆಯಿತು. ಅವನು ದೂರದಿಂದಲೇ ಗೋಲಿಗೆ ಒದೆಯಲು ಹೋದಾಗಲೆಲ್ಲ ನಾನು "ಬ್ಯಾಡ, ಬ್ಯಾಡ!" ಎಂದು ಕೂಗುತ್ತೇನೆ. ಅವನ ಅಪ್ಪ ಅಮ್ಮ ಬೆಂಗಳೂರಿನವರು, ಮನೆಯಲ್ಲಿ "ಬೇಡ" ಎನ್ನುವವರು. ನನ್ನ ಧಾರವಾಡದ ಬಾಯಿ ಇಲ್ಲೇ ಹುಟ್ಟಿದ ಆ ಮಗುವಿಗೇನು ಗೊತ್ತು?

ಅವನ ಹಿಂದೆಯೇ ಓಡಿದೆ. "ಬ್ಯಾಡ ಅಂದ್ರ ಡೋಂಟ್ ಅಂತ, ತಮ್ಮಾ! ನೀ ಕೆಟ್ಟ ಆಡ್ತಿ ಅಂತಲ್ಲ!"

ಬಿದ್ದು ಬಿದ್ದು ನಕ್ಕ. ಜೆರ್ಸಿ ವಾಪಸು ತೆಗೆದುಕೊಂಡ. ಆಮೇಲೆ ಕೇಳಿದ, "ಸೋ ವಾಟ್ಸ್ 'ಗುಡ್' ಇನ್ ಯುವರ್ ಕನ್ನಡ?"

"ಛಲೋ."

ಜೆರ್ಸಿಯನ್ನು ಹೆಗಲಿಗೆ ಹಾಕಿಕೊಂಡ. "ನೆವರ್ ಹರ್ಡ್ ದಟ್ ಒನ್, ಅಂಕಲ್."

ಎರಡೇ ಅಕ್ಷರದ ಮಾತು. ಇಷ್ಟು ವಾರಗಳಲ್ಲಿ ಒಮ್ಮೆಯಾದರೂ ನಾನು ಅದನ್ನು ಕೂಗಿರಲಿಲ್ಲ.