ಆಮಾಳ ಸೊಂಟಕ್ಕೊಂದು ಜಾಗ

ಮಂಗಳವಾರ, ಮಾರ್ಚ್ 12. ಪೆನಾಂಗ್.

ಬೆಳಿಗ್ಗೆ ಆಸ್ಪತ್ರೆಯ ಹಾಸಿಗೆಯಿಂದಲೇ ಆಮಾ, ಅಂದರೆ ನನ್ನಜ್ಜಿ, ಘೋಷಿಸಿದಳು, ನಾಳೆಯ ಆಪರೇಷನ್ ಬೇಡವಂತೆ. ಅವಳ ಮುರಿದ ಸೊಂಟಕ್ಕೆ ಕೂರಿಸುವ ಕೀಲು ನಮ್ಮ ಕಾರ್ಖಾನೆಯದು, ನಾನೇ ಪರೀಕ್ಷಿಸಿ ಪಾಸು ಮಾಡುವ ಮಾಲು. ಅದಿಲ್ಲದಿದ್ದರೆ ಅಜ್ಜಿ ಇನ್ನು ನಡೆಯುವುದಿಲ್ಲ. ಊರಿಗೆಲ್ಲ ಸೊಂಟ ಕೊಡುವವನಿಗೆ ಮನೆಯಲ್ಲೇ ಗಿರಾಕಿ ಇಲ್ಲ!

"ಮೈಯೊಳಗೆ ಕಬ್ಬಿಣ ಇಟ್ಕೊಂಡು ಹೇಗಪ್ಪಾ ಸಾಯ್ಲಿ ನಾನು?"

"ಕಬ್ಬಿಣ ಅಲ್ಲ ಆಮಾ, ಟೈಟಾನಿಯಂ. ಮೇಲ್ಮೈ ಒರಟಾಗಿ ಮಾಡಿರ್ತೀವಿ. ಮೂಳೆ ಅದರೊಳಗೆ ಬೆಳೆದು, ನಂದೇ ಅಂತ ಹಿಡ್ಕೊಳ್ಳುತ್ತೆ."

"ನಿಮ್ಮಮ್ಮನೂ ಒರಟಾಗೇ ಬಂದ್ಲು. ಈಗ ಕಿತ್ರೆ ಮನೇನೇ ಬೀಳುತ್ತೆ."

ಅಮ್ಮ ಕಿತ್ತಳೆ ಸುಲಿಯುತ್ತ ನಕ್ಕಳು.

ಆಮೇಲೆ ನಿಜ ಹೊರಬಿತ್ತು. ಅಜ್ಜನನ್ನು ಸುಟ್ಟ ಮರುದಿನ ನಮ್ಮ ಪದ್ಧತಿಯಂತೆ ನಾವೆಲ್ಲ ಚಾಪ್‌ಸ್ಟಿಕ್ಕಿನಿಂದ ಮೂಳೆ ಆರಿಸಿ, ಅವನು ನೆಟ್ಟಗೆ ಕೂರಲೆಂದು ಪಾದದಿಂದ ತಲೆಯವರೆಗೆ ಕ್ರಮವಾಗಿ ಭರಣಿಗೆ ತುಂಬಿದ್ದೆವು. ಅವನ ಮೊಣಕಾಲಿನ ಲೋಹದ ಕೀಲನ್ನು ಮಾತ್ರ ಸುಡುಗಾಡಿನವನು ಠಣ್ ಎಂದು ಬಕೆಟ್ಟಿಗೆ ಎಸೆದಿದ್ದ. ಆ ಸದ್ದು ಆಮಾಳ ಕಿವಿಯಿಂದ ಇನ್ನೂ ಇಳಿದಿಲ್ಲ.

"ನಂದೂ ಬಕೆಟ್ಟಿಗೇನಾ?"

"ಇಲ್ಲ ಆಮಾ. ಕಾಲಿನ ಮೂಳೆ ಆದ್ಮೇಲೆ, ಬೆನ್ನಿಗೆ ಮುಂಚೆ, ಅದರ ಜಾಗದಲ್ಲೇ ನಾನೇ ಇಡ್ತೀನಿ."

"ನೀನಾ? ನೂಡಲ್ಸೇ ಬೀಳಿಸ್ಕೊಳ್ಳೋನು! ಹೋಗಿ ಕಲ್ತ್ಕೋ. ಅಲ್ಲೀವರೆಗೆ ನಾನು ನಡೀತಿರ್ತೀನಿ."

ಡಾಕ್ಟರಿಗೆ ಹೂಂ ಅಂದಳು.

ಕೀಲಿನ ಬಗ್ಗೆ ನನಗೆ ಎಳ್ಳಷ್ಟೂ ಅಳುಕಿಲ್ಲ. ಈಗ ಮೇಜಿನ ಮೇಲೆ ಒಂದು ಮಾದರಿ ಕೀಲು, ಎರಡು ಚಾಪ್‌ಸ್ಟಿಕ್ಕು. ಎತ್ತಿದಷ್ಟೂ ಜಾರುತ್ತಿದೆ. ಜಾರಲಿ, ಕಲಿಯಲು ಇನ್ನೂ ಬೇಕಾದಷ್ಟು ವರ್ಷಗಳಿವೆ, ಯಾಕೆಂದರೆ ನಮ್ಮ ಮಾಲು ಅಷ್ಟು ಬೇಗ ಸವೆಯುವುದಿಲ್ಲ.