ಒಂದು ಗಂಟೆ ಹತ್ತು ನಿಮಿಷ

ಹೊನ್ನವಳ್ಳಿ
ಭಾನುವಾರ

ಭಾವನವರಿಗೆ ಲಿಖಿತಾಳ ನಮಸ್ಕಾರ.

ಶಿವಮೊಗ್ಗದಿಂದ ತಿರುಪತಿಗೆ ವಿಮಾನ ಇದ್ದೂ ಬಸ್ಸಿನಲ್ಲಿ ಯಾಕೆ ಬಂದೆ ಎಂದು ಅಕ್ಕನ ತಿಥಿಯ ದಿನ ಕೇಳಿದಿರಿ. ವಿಮಾನ ರದ್ದಾಯಿತು ಎಂದೆ. ಅದು ಸುಳ್ಳು.

ಹೆರಿಗೆಯಾದ ಮರುದಿನ ಅಕ್ಕ ಫೋನಿನಲ್ಲಿ, “ಅಟ್ಟದ್ದೊಂದು ಕೊಬ್ಬರಿ, ಚಿಪ್ಪು ಒಡೀದಂಗೇ ತಗೊಂಬಾರೇ. ಒಳಗೆ ಲೊಡಲೊಡ ಅನ್ನೋದ್ ಕೇಳ್ಬೇಕು” ಅಂದಿದ್ದಳು. ಅಪ್ಪ ಅಟ್ಟ ಹತ್ತಿ, ಹತ್ತಾರು ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಂದನ್ನು ಆರಿಸಿಕೊಟ್ಟರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ತಡೆದರು. ಕೊಬ್ಬರಿಯಲ್ಲಿ ಎಣ್ಣೆ ಇದೆ, ಬೆಂಕಿ ಹತ್ತುತ್ತದೆ, ಇಲ್ಲೇ ಬಿಟ್ಟು ಹೋಗಿ ಎಂದರು. “ಬಾಣಂತಿ ಕೇಳವ್ಳೆ ಕಣ್ರೀ” ಎಂದು ವಾದಕ್ಕೆ ನಿಂತೆ.

ಬಿಟ್ಟಿದ್ದರೆ ವಿಮಾನ ಸಿಗುತ್ತಿತ್ತು. ಅಪ್ಪ ಆರಿಸಿದ ಕಾಯಿಯನ್ನು ಕಸದ ಡಬ್ಬಿಗೆ ಹಾಕಲು ಕೈ ಬರಲಿಲ್ಲ. ಹಿಡಿದುಕೊಂಡು ಹೊರಬಂದು ಬಸ್ ಹತ್ತಿದೆ. ಅಷ್ಟು ಹೊತ್ತಿಗೆ ಅಕ್ಕನಿಗೆ ರಕ್ತಸ್ರಾವ ಶುರುವಾಗಿತ್ತೆಂದು ನನಗೆ ಗೊತ್ತಿರಲಿಲ್ಲ.

ನಾನೂರ ಇಪ್ಪತ್ತೈದು ಕಿಲೋಮೀಟರ್, ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷ ಎಂದು ಫೋನು ಈಗಲೂ ತೋರಿಸುತ್ತದೆ. ನಾನು ಹದಿಮೂರು ಗಂಟೆ ತೆಗೆದುಕೊಂಡೆ. ಅವಳು ಕೊನೆಯವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದಳು ಎಂದು ನೀವೇ ಹೇಳಿದಿರಿ.

ಕಾಯಿ ಈಗಲೂ ನನ್ನ ಬ್ಯಾಗಿನಲ್ಲಿದೆ. ಯಾರೂ ಮುಟ್ಟದಿದ್ದರೂ ಲೊಡಲೊಡ ಅನ್ನುತ್ತದೆ. ಅಪ್ಪನಿಗೆ ಕೇಳಿಸುವುದಿಲ್ಲವಂತೆ.

ಮುಂದಿನ ವಾರ ಮಗುವನ್ನು ನೋಡಲು ಬರುತ್ತೇನೆ. ಕಾಯಿ ತರಬೇಕಲ್ಲ, ಬಸ್ಸಿನಲ್ಲೇ ಬರುತ್ತೇನೆ, ತಡವಾಗುತ್ತದೆ. ಅಲ್ಲಿಯತನಕ ಒಂದು ಉಪಕಾರ ಮಾಡಿ. ಮಗುವನ್ನು ಬಾಗಿಲ ಕಡೆ ಮುಖ ಮಾಡಿ ಮಲಗಿಸಬೇಡಿ.

ನಿಮ್ಮ ನಾದಿನಿ,
ಲಿಖಿತಾ