ತೆರೆಯದ ಸೀಸೆ

ಬುಧವಾರ, ಜೂನ್ ೧೨

ಕಲ್ಲುಗಣಿ ಗುಡಾರದ ಆ ತಾಯಿಯನ್ನು ಇವತ್ತೂ ಚುಚ್ಚುಮದ್ದು ಹಾಕದೆ ವಾಪಸು ಕಳಿಸಿದೆ.

ದಡಾರದ ಒಂದು ಸೀಸೆಯಲ್ಲಿ ಹತ್ತು ಮಕ್ಕಳಿಗಾಗುವಷ್ಟು ಮದ್ದು. ತೆರೆದರೆ ಸಂಜೆಯೊಳಗೆ ಮುಗಿಯಬೇಕು, ಉಳಿದದ್ದು ಚೆಲ್ಲಬೇಕು. ಚೆಲ್ಲಿದರೆ ಡಾಕ್ಟರು ಉರಿದುಬೀಳುತ್ತಾರೆ. ಪೇಟೆಯ ಆಸ್ಪತ್ರೆಯಲ್ಲಾದರೆ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಸೀಸೆ ಖಾಲಿ.

"ಐದು ಮಕ್ಕಳಾದ್ರೂ ಸೇರ್ಲಮ್ಮ, ಆಮೇಲೆ ತೆಗೀತೀನಿ" ಎಂದೆ, ಎಂದಿನಂತೆ.

ಅವಳು ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡು ನಕ್ಕಳು. "ನಮ್ಮಲ್ಲಿ ಇರೋದೇ ಮೂರು ಕೂಸು ಅಕ್ಕಾ, ಮೂರನ್ನೂ ಕರ್ಕೊಂಡು ಬಂದಿದೀನಿ. ಇನ್ನೆರಡು ಇಲ್ಲೇ ಕೂತು ಹೆರ್ಲಾ?"

ನನಗೂ ನಗು ಬಂತು. ನಗುತ್ತಲೇ ಸೀಸೆಯನ್ನು ಮತ್ತೆ ಐಸ್ ಪೆಟ್ಟಿಗೆಯೊಳಗೆ ಇಟ್ಟೆ.

ಮಧ್ಯಾಹ್ನ ಮೀಟಿಂಗು. ಲಸಿಕೆ ಆದ ಮಕ್ಕಳು ಪೇಟೆಯಲ್ಲಿ ನೂರಕ್ಕೆ ತೊಂಬತ್ತು, ಗುಡಾರಗಳಲ್ಲಿ ಮೂವತ್ತೂ ಇಲ್ಲ. "ಎಷ್ಟು ಬಡ್ಕೊಂಡ್ರೂ ಆ ಜನಕ್ಕೆ ಬುದ್ಧಿ ಬರಲ್ಲ. ಸೂಜಿ ಕಂಡ್ರೆ ಓಡ್ತಾರೆ" ಎಂದರು ಡಾಕ್ಟರು. ಎಲ್ಲರ ಜೊತೆ ನಾನೂ ತಲೆಯಾಡಿಸಿದೆ. ಬಾಯಿ ಬಿಟ್ಟಿದ್ದರೂ ಏನಾಗುತ್ತಿತ್ತು? ಗೋರ್ಕಲ್ಲ ಮೇಲೆ ಮಳೆ.

ಆ ಓಡುವವಳು ಮುಂದಿನ ಬುಧವಾರವೂ ಬಿಸಿಲಲ್ಲಿ ನಡೆದುಕೊಂಡೇ ಬರುತ್ತಾಳೆ. ನಾನು ತಲೆ ಎಣಿಸುತ್ತೇನೆ. ಒಂದು, ಎರಡು, ಮೂರು.